ಬೆನ್ನ ಹಿಂದಿನ ಲಾಡಿ

ರೆಶೆಲ್
ಮೇ ೨೮

ಪ್ರೀತಿಯ ಹಿರೆಕ್,

ಈಸ್ಟರ್ ಹಬ್ಬಕ್ಕೆ ಬಂದ ನಿನ್ನ ಕಾಗದಕ್ಕೆ ಮೇ ತಿಂಗಳ ಕೊನೆಯಲ್ಲಿ ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಕೆನಿಸಿದರೆ ಈಗಲೇ ಬೈದು ಮುಗಿಸು, ಆಮೇಲೆ ಸಮಾಧಾನವಾಗಿ ಓದು. ಸೊಂಟದ ನೋವು ಹೇಗಿದೆ? ಸಮುದ್ರದ ಗಾಳಿ ಮೂಳೆಗೆ ಒಳ್ಳೆಯದು ಎಂದು ನಿನ್ನ ತಮ್ಮ ಹೇಳಿದ್ದನ್ನು ನಂಬಿ ಊರು ಬಿಟ್ಟು ಉಸ್ತ್ಕಾಕ್ಕೆ ಹೋದೆಯಲ್ಲ, ಅವನು ಹೊಗೆಗಿಟ್ಟ ಮೀನು ಮಾರುವವನು ಮಾರಾಯ, ವೈದ್ಯನಲ್ಲ. ಫೋನಿನಲ್ಲಿ ನನ್ನ ಮಾತು ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧ ನೀನು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಈ ಜುಲೈಯಲ್ಲಿ ಗ್ರುನ್‌ವಾಲ್ಡ್ ಬಯಲಿನಲ್ಲಿ ನಾನು ಕವಚ ತೊಟ್ಟು ಸಾಲಿನಲ್ಲಿ ನಿಲ್ಲುತ್ತೇನೋ ಇಲ್ಲವೋ. ನೀನು ನಿಂತರೆ ಕೋಲೂರಿಕೊಂಡಾದರೂ ಬಂದು ಬೇಲಿಯ ಪಕ್ಕ ಕೂತು ನೋಡುತ್ತೇನೆ, ಇಲ್ಲದಿದ್ದರೆ ಆ ದೂಳು ಕುಡಿಯಲು ನನಗೇನು ಹುಚ್ಚೇ ಎಂದು ಬರೆದಿದ್ದೀಯ. ಹುಚ್ಚು ಇದ್ದೇ ಇದೆ. ಆರುನೂರು ವರ್ಷದ ಹಿಂದೆ ಗೆದ್ದ ಯುದ್ಧವನ್ನು ಪ್ರತಿ ಬೇಸಗೆಯಲ್ಲಿ ವೇಷ ಕಟ್ಟಿ ಮತ್ತೆ ಗೆದ್ದುಕೊಂಡು ಬರುವವರನ್ನು ಬೇರೆ ಏನೆಂದು ಕರೆಯುವುದು? ನಮ್ಮ ಬಳಗದ ಮುಖಂಡ ವಾಲೆಂತಿಯೂ ನಿನ್ನ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಮುಂದಿನ ತಿಂಗಳ ಸಂತ ಯೋಹಾನರ ಹಬ್ಬದೊಳಗೆ ಹೆಸರು ಕೊಡಬೇಕಂತೆ. ನನ್ನ ಬ್ರೋಂಕಾ ತೀರಿಕೊಂಡ ಮೇಲೆ ಬರುವ ಮೊದಲ ಜುಲೈ ಇದು. ಅದಕ್ಕೇ ಎಲ್ಲರೂ ನನ್ನನ್ನು ಮೆತ್ತಗೆ, ಕಾಯಿಲೆಯವನನ್ನು ಕೇಳುವ ಹಾಗೆ ಕೇಳುತ್ತಾರೆ. ಆ ದನಿ ಕೇಳಿದರೇ ನನಗೆ ಮೈ ಉರಿಯುತ್ತದೆ.

ನನ್ನ ಕಷ್ಟವೇನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಹೇಳಿಕೊಳ್ಳಲು ಇಲ್ಲಿ ಬೇರೆ ಯಾರಿದ್ದಾರೆ? ಎದೆಕವಚವನ್ನು ಹೇಗೋ ಒಬ್ಬನೇ ಹಾಕಿಕೊಳ್ಳಬಹುದು. ಕಾಲಿನದನ್ನು ಬಗ್ಗಿ ಏದುಸಿರು ಬಿಡುತ್ತ ಕಟ್ಟಿಕೊಳ್ಳಬಹುದು. ಆದರೆ ಉಕ್ಕಿನ ತೋಳುಗಳು ತೂಗುವುದು ಒಳಗಿನ ದಪ್ಪ ಅಂಗಿಯ ಮೇಲೆ, ಭುಜದ ಹಿಂದೆ ಬಿಗಿದ ಲಾಡಿಯಿಂದ. ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಎಷ್ಟು ದೊಡ್ಡ ವೀರನಾದರೂ ಅವನ ಬೆನ್ನ ಹಿಂದೆ ಇನ್ನೊಬ್ಬರು ನಿಲ್ಲಲೇಬೇಕು. ನನ್ನ ಹಿಂದೆ ಬ್ರೋಂಕಾ ನಿಲ್ಲುತ್ತಿದ್ದಳು. ಮದುವೆಯಾಗದ ನಿನಗೂ ಅವಳೇ ಗತಿಯಾಗಿದ್ದಳು. ಬಿಗಿಯಾಯಿತೆಂದು ನೀನು ಗೊಣಗಿದರೆ, "ಸುಮ್ನೆ ನಿಂತ್ಕೊಳೋ ಹಿರೆಕ್, ಹೊಗೆಗೆ ಹಾಕೋ ಹಂದಿ ತೊಡೆ ಕೂಡ ನಿನ್ನಷ್ಟು ಒದ್ದಾಡಲ್ಲ" ಎನ್ನುತ್ತಿದ್ದಳು. ಅವಳ ಬಾಯಲ್ಲಿ ಸದಾ ಒಂದು ದಾರದ ತುಂಡು ಇರುತ್ತಿತ್ತು, ಅದರ ಸಂದಿನಿಂದಲೇ ಮಾತು.

ಚಳಿಗಾಲದಲ್ಲಿ ನನಗೊಂದು ಯೋಚನೆ ಬಂತು. ಹಳೆಯ ಒಳಂಗಿ ಹೇಗೂ ಈಗ ನನಗೆ ದೊಗಳೆಯಾಗಿದೆ. ಒಬ್ಬನಿಗೆ ಅಡುಗೆ ಮಾಡುವುದು ನನಗಿನ್ನೂ ಬಂದಿಲ್ಲ ಹಿರೆಕ್. ಒಮ್ಮೆ ಬೀಟ್‌ರೂಟ್ ಸಾರು ಮಾಡಿದರೆ ವಾರವಿಡೀ ಅದನ್ನೇ ಬಿಸಿ ಮಾಡುತ್ತೇನೆ, ಕೊನೆಗೆ ಬೇಸರವಾಗಿ ಉಣ್ಣದೆ ಮಲಗುತ್ತೇನೆ. ಮೈ ಇಳಿದಿದೆ. ಹೊಸ ಅಂಗಿಯೊಂದನ್ನು ನಾನೇ ಹೊಲಿದು, ಲಾಡಿಯನ್ನು ಮುಂದಕ್ಕೆ, ಕತ್ತಿನ ಮೂಳೆಯ ಪಕ್ಕಕ್ಕೆ ತಂದರೆ ಹೇಗೆ? ಆಗ ಒಂದು ಕೈ, ಒಂದಿಷ್ಟು ಹಲ್ಲು ಸಾಕು, ಯಾರ ಹಂಗೂ ಬೇಡ.

ಜೀವಮಾನವೆಲ್ಲ ಉಕ್ಕು ಬಡಿದ ಈ ಕೈಗೆ ಸೂಜಿ ಸಿಕ್ಕಿದ ಚಂದ ನೀನು ನೋಡಬೇಕಿತ್ತು. ಎರಡು ಪದರ ನಾರುಬಟ್ಟೆ, ನಡುವೆ ಹತ್ತಿ, ಮೇಣ ತೀಡಿದ ದಾರ. ಬ್ರೋಂಕಾಳ ಬೆರಳಿನಲ್ಲಿ ಅದು ಇಲಿ ಓಡಿದ ಹಾಗೆ ಓಡುತ್ತಿತ್ತು. ನನ್ನ ಹೊಲಿಗೆ ಕುಡಿದವನ ನಡಿಗೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನೂ ಸೂಜಿಯನ್ನೇ ಬೈದೆ. ಬೈದರೆ ತಿರುಗಿ ಬೈಯುವವರಿಲ್ಲವಲ್ಲ ಎಂದು ಒಮ್ಮೆ ಹೊಳೆದು, ಆ ದಿನ ಮುಂದೆ ಹೊಲಿಯಲಾಗಲಿಲ್ಲ. ಆದರೂ ಬಿಡಲಿಲ್ಲ. ಉಕ್ಕಿನ ಬಲತೋಳನ್ನು ಹೊಸ ಅಂಗಿಗೆ ಹಲ್ಲಿನಲ್ಲಿ ಕಚ್ಚಿ ನಾನೇ ಕಟ್ಟಿಕೊಂಡ ದಿನ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕೆ.

ಏಪ್ರಿಲ್‌ನಲ್ಲಿ ಅದನ್ನು ವಾಂದಾಳಿಗೆ ತೋರಿಸಿದೆ. ಈಗ ಬಳಗದಲ್ಲಿ ಬಟ್ಟೆ, ಕವಚ ಎಲ್ಲ ಪರೀಕ್ಷೆ ಮಾಡುವವಳು ಅವಳೇ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿ ಹೇಳಿ ನಮ್ಮನ್ನೂ ಆರನೇ ತರಗತಿಯವರೆಂದೇ ತಿಳಿದಿದ್ದಾಳೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಹೊಲಿಗೆ ಪರವಾಗಿಲ್ಲ, ಆ ಕಾಲದಲ್ಲೂ ಕೆಟ್ಟ ದರ್ಜಿಗಳು ಇದ್ದೇ ಇರ್ತಿದ್ರು. ಆದ್ರೆ ಲಾಡಿ ಯಾಕೆ ಮುಂದಿದೆ? ಆಧಾರ ಎಲ್ಲಿ?"

"ಆಧಾರ ಯಾಕೆ ಬೇಕು? ಅನುಕೂಲ ಆಗತ್ತೆ."

"ಅನುಕೂಲ ಅಂತ ಜಿಪ್ಪೂ ಹಾಕ್ಕೋ. ಯಾವ ಸಮಾಧಿ ಕಲ್ಲಲ್ಲಿದೆ, ಯಾವ ಚಿತ್ರದಲ್ಲಿದೆ, ತೋರಿಸು. ಚಿತ್ರ ಇಲ್ದೆ ಸೂಜಿ ಎತ್ತಬಾರ್ದು ಅಂತ ರೂಲ್ ಮಾಡಿದ್ದು ಯಾರು? ನಾನಲ್ಲ, ನಿನ್ನ ಹೆಂಡ್ತಿ."

ಅದು ನಿಜ. ಉಕ್ಕಿನ ಕೈಗವಸಿನೊಳಗೆ ಗಡಿಯಾರ ಕಟ್ಟಿಕೊಂಡು ನಿಂತಿದ್ದ ನಿನ್ನನ್ನು ಸಾಲಿನಿಂದ ಕಿವಿ ಹಿಡಿದು ಎಳೆದವಳಿಗೆ ನನ್ನ ಲಾಡಿ ಒಪ್ಪಿಗೆಯಾಗುತ್ತಿತ್ತೇ?

ಸರಿ, ಆಧಾರ ಹುಡುಕಲು ಹೊರಟೆ. ವಸಂತವೆಲ್ಲ ಬಸ್ಸು ಹತ್ತಿ ನಮ್ಮ ವಾರ್ಮಿಯಾ ಸೀಮೆಯ ಇಗರ್ಜಿಗಳನ್ನು ಸುತ್ತಿದೆ. ಮೊದಲು ಇಂಥ ತಿರುಗಾಟಕ್ಕೆ ಬ್ರೋಂಕಾ ಜೊತೆಗಿರುತ್ತಿದ್ದಳು. ಅವಳು ಸಂತರ ತೋಳಿನ ಹೊಲಿಗೆ ನೋಡುತ್ತಿದ್ದಳು, ನಾನು ಉಕ್ಕಿನ ಮೊಳೆ ನೋಡುತ್ತಿದ್ದೆ, ಆಮೇಲೆ ಯಾವುದಾದರೂ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ ಜಗಳವಾಡುತ್ತಿದ್ದೆವು. ಈಗ ಬ್ರೆಡ್ಡು, ಹುಳಿ ಸೌತೆಯನ್ನು ಬಸ್ಸಿನಲ್ಲೇ ತಿಂದು ಮುಗಿಸುತ್ತೇನೆ. ಹುಡುಕಿದ್ದಕ್ಕೆ ಫಲವೂ ಇರಲಿಲ್ಲ. ಸಮಾಧಿಯ ಮೇಲಿನ ವೀರರೆಲ್ಲ ಅಂಗಾತ ಮಲಗಿರುತ್ತಾರೆ, ಬೆನ್ನು ತೋರಿಸುವವರಿಲ್ಲ. ಎದ್ದು ನಿಂತವರ ಭುಜದ ಮುಂದೆಯೂ ಎಲ್ಲೂ ಲಾಡಿ ಇಲ್ಲ. ಎಲ್ಲರ ಹಿಂದೆಯೂ ಯಾರೋ ಇದ್ದರು ಎಂದಾಯಿತು.

ಕೊನೆಗೆ ಒಂದು ಚಿಕ್ಕ ಹಳ್ಳಿಯಲ್ಲಿ, ಪಾದ್ರಿಯ ಮನೆ ನೋಡಿಕೊಳ್ಳುವ ಹೆಂಗಸು ಬೀಗದ ಕೈ ಹಿಡಿದುಕೊಂಡು ನನ್ನ ಹಿಂದೆಯೇ ತಿರುಗಿದಳು. ಕಳ್ಳನೆಂದುಕೊಂಡಿರಬೇಕು.

"ಏನ್ ಹುಡುಕ್ತಿದೀರಿ ಸ್ವಾಮಿ?"

"ಒಬ್ಬನೇ ಕವಚ ಹಾಕ್ಕೊಳೋ ಸೈನಿಕನ್ನ."

"ಸಿಕ್ಕಿದ್ರೆ ನನಗೂ ತೋರಿಸಿ. ನಮ್ಮ ಪಾದ್ರಿಗಳಿಗೆ ಕಾಲುಚೀಲ ಕೂಡ ನಾನೇ ಹುಡುಕಿಕೊಡ್ಬೇಕು."

ಗೋಡೆಗೆ ಸುಣ್ಣ ಹೊಡೆಯುತ್ತಿದ್ದರಿಂದ ಪಕ್ಕದ ಪೀಠದ ಬೊಂಬೆಗಳನ್ನು ಕೆಳಗಿಳಿಸಿ ಒಳಕೋಣೆಯಲ್ಲಿ ಇಟ್ಟಿದ್ದರು. ಬಾಗಿಲ ಸಂದಿನಿಂದ ನೋಡುತ್ತೇನೆ, ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು. ಹಳೆಯ ಮರದ ಸಂತ ಜಾರ್ಜ್, ಬಣ್ಣ ಮಾಸಿದೆ, ಮೂಗು ಮೊಂಡಾಗಿದೆ, ಆದರೆ ಭುಜದ ಮುಂದೆ, ಕತ್ತಿನ ಮೂಳೆಯ ಪಕ್ಕದಲ್ಲೇ, ಸ್ಪಷ್ಟವಾಗಿ ಕೆತ್ತಿದ ಲಾಡಿ, ಅದರ ತುದಿಯ ತಗಡು ಸಮೇತ! ನಾನು ದೇವರ ಮುಂದೆ ಅಷ್ಟು ಭಕ್ತಿಯಿಂದ ಎಂದೂ ನಿಂತವನಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ವಾಂದಾಳನ್ನು ಕರೆದುಕೊಂಡು ಹೋದೆ. ಅವಳು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಲಾಡಿಯನ್ನು ಮುಟ್ಟಿದಳು. ಆಮೇಲೆ ಬೊಂಬೆಯ ಹಿಂದಕ್ಕೆ ಹೋದಳು.

"ಸೆವೆರಿನ್, ಇಲ್ಲಿ ಬಾ."

ಹೋಗಿ ನೋಡಿದರೆ ಸಂತನಿಗೆ ಬೆನ್ನೇ ಇಲ್ಲ. ಕತ್ತಿನಿಂದ ಹಿಮ್ಮಡಿಯವರೆಗೆ, ಹಿಟ್ಟು ನಾದುವ ಮರಿಗೆಯ ಹಾಗೆ ಟೊಳ್ಳು. ಒಳಗೆ ಜೇಡರ ಬಲೆ.

"ಗೋಡೆಗೆ ಒರಗಿಸಿ ಇಡೋ ಬೊಂಬೆ. ಮರ ಸೀಳ್ಬಾರ್ದು ಅಂತ ಹಿಂದೆ ತೋಡಿಬಿಡ್ತಾರೆ" ಎಂದಳು. "ಹಿಂದೆ ಜಾಗ ಇಲ್ಲ, ಲಾಡಿ ಬಿಡೋಕೂ ಮನಸ್ಸಿಲ್ಲ, ಮುಂದಕ್ಕೆ ತಂದು ಕೆತ್ತಿದಾನೆ. ಇದನ್ನ ಆಧಾರ ಅಂತ ಒಪ್ಕೊಳೋಕಾಗಲ್ಲ ಕಣೋ."

"ಕಣ್ಣಿಗೆ ಕಾಣೋದು ಆಧಾರ ಅಲ್ವಾ?"

"ಬೆನ್ನಿಲ್ದೋನ ಲಾಡಿ ಬೆನ್ನಿರೋನಿಗೆ ಹೇಗೋ ಆಧಾರ ಆಗತ್ತೆ?" ಎಂದು ಸ್ವಲ್ಪ ನಕ್ಕಳು. ಆಮೇಲೆ, ಅದೇ ಮೆತ್ತಗಿನ ದನಿಯಲ್ಲಿ, "ಇಷ್ಟೆಲ್ಲ ಒದ್ದಾಟ ಯಾಕೆ? ನಾನು ಕಟ್ತೀನಿ ಬಿಡು. ಬ್ರೋಂಕಾನೇ ನನಗೂ ಕಲ್ಸಿದಾಳೆ" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. "ನೀನು ನಿನ್ನ ಶಾಲೆ ಮಕ್ಕಳ ಶೂ ಕಟ್ಟು, ನನ್ನ ಸುದ್ದಿಗೆ ಬರ್ಬೇಡ" ಎಂದೆ. ಒಳ್ಳೆಯ ಹೆಂಗಸು ಹಿರೆಕ್, ಆಸ್ಪತ್ರೆಯಲ್ಲಿ ಕೊನೆಯ ವಾರ ಬ್ರೋಂಕಾಳ ತಲೆ ಬಾಚಿದವಳು ಅವಳೇ. ಕೋಟು ಹಾಕಿಕೊಂಡು ಹೊರಟಳು. ಬರುವಾಗ ಬಸ್ಸಿನಲ್ಲಿ ಅವಳು ಮುಂದಿನ ಸೀಟು, ನಾನು ಹಿಂದಿನ ಸೀಟು. ಹೊಲಗಳಲ್ಲಿ ಸಾಸಿವೆಯ ಹಳದಿ ಹೂ ಕಣ್ಣು ಕುಕ್ಕುತ್ತಿತ್ತು, ನನಗೆ ಅಳು ಬರುತ್ತಿತ್ತು. ಮನೆಗೆ ಬಂದು ಟೋಪಿ ತೆಗೆಯದೆ ಸಂಜೆಯವರೆಗೆ ಕೂತಿದ್ದೆ.

ಅವಳು ಕೋಪ ಇಟ್ಟುಕೊಳ್ಳುವವಳಲ್ಲ. ನಿನ್ನೆ ಒಂದು ಪಾತ್ರೆ ಕಡುಬು ಬಾಗಿಲಲ್ಲಿಟ್ಟು, "ಹೆಸರು ಕೊಡ್ತೀಯೋ ಇಲ್ವೋ ಬೇಗ ಹೇಳು" ಎಂದು ಬೀದಿಯಿಂದಲೇ ಕೂಗಿ ಹೋದಳು. ಉತ್ತರ ಕೊಡಲಿಲ್ಲ. ಕಡುಬು ಮಾತ್ರ ತಿಂದೆ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಇಲ್ಲ. ಮುಂದೆ ಕಟ್ಟುವುದಕ್ಕೆ ಆಧಾರವಿಲ್ಲ, ಹಿಂದೆ ಕಟ್ಟಿಸಿಕೊಳ್ಳುವುದಕ್ಕೆ ಮನಸ್ಸಿಲ್ಲ. ಈ ವರ್ಷ ಯುದ್ಧವನ್ನು ನಾನಿಲ್ಲದೆಯೂ ಗೆಲ್ಲುತ್ತಾರೆ. ನೀನು ಬರಬೇಡ, ಸುಮ್ಮನೆ ಸೊಂಟಕ್ಕೆ ತೊಂದರೆ. ವಾಲೆಂತಿಗೆ ನಾಳೆ ಹೇಳಿಬಿಡುತ್ತೇನೆ.

ನಿನ್ನ ಸೊಂಟ, ನಿನ್ನ ಕಿವಿ, ನಿನ್ನ ತಮ್ಮನ ಮೀನಂಗಡಿ ಎಲ್ಲವನ್ನೂ ದೇವಮಾತೆ ತನ್ನ ಸೆರಗಿನಲ್ಲಿಟ್ಟು ಕಾಯಲಿ. ಚಳಿ ಹೋಯಿತೆಂದು ಉಣ್ಣೆಯ ಪಟ್ಟಿ ಬಿಚ್ಚಬೇಡ.

ನಿನ್ನ ಹಳೆಯ ಜೊತೆಗಾರ,
ಸೆವೆರಿನ್

ಮರೆತ ಮಾತು: ಮರೆತದ್ದಲ್ಲ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ, ಮತ್ತೆ ಹರಿದು ತೆಗೆದಿದ್ದೇನೆ.

ಕಳೆದ ಜುಲೈಯಲ್ಲಿ ಯುದ್ಧ ಮುಗಿದ ಮೇಲೆ, ಡೇರೆಯ ಹಿಂದೆ ಬ್ರೋಂಕಾ ನನ್ನ ಬಲತೋಳು ಬಿಚ್ಚಿದಳು. ಎಡಗಡೆಗೆ ಬಂದವಳು ಲಾಡಿಗೆ ಕೈ ಹಾಕಿ, "ಯಾಕೋ ಕಣ್ಣು ಕತ್ತಲೆ ಬರ್ತಿದೆ ಸೆವೆರಿನ್, ಇದೊಂದು ನೀನೇ ಹೇಗಾದ್ರೂ ಕಳಚ್ಕೋ" ಎಂದು ಹುಲ್ಲಿನ ಮೇಲೆ ಕೂತಳು. ನಾನು ಅಂಗಿಯನ್ನು ತೋಳಿನ ಸಮೇತ ಎಳೆದು ಬಿಸಾಡಿ ನೀರು ತರಲು ಓಡಿದೆ. ಆಮೇಲೆ ಆಸ್ಪತ್ರೆ, ಆಮೇಲೆ ನವೆಂಬರ್, ಉಳಿದದ್ದು ನಿನಗೆ ಗೊತ್ತು.

ಆ ಅಂಗಿ, ಆ ತೋಳು ಹಾಗೆಯೇ ಬೀರುವಿನಲ್ಲಿವೆ. ಅವಳು ಹಾಕಿದ ಗಂಟು ಹಾಗೆಯೇ ಇದೆ. ಎಡತೋಳು ಹೊಸ ಅಂಗಿಗೆ ಬರಬೇಕಾದರೆ, ಲಾಡಿ ಮುಂದಿರಲಿ ಹಿಂದಿರಲಿ, ಯಾರೇ ಕಟ್ಟಲಿ, ಮೊದಲು ಅದನ್ನು ಬಿಚ್ಚಬೇಕು. ಬೆವರು ಕುಡಿದ ಉಕ್ಕನ್ನು ಒರೆಸದೆ, ಎಣ್ಣೆ ಹಚ್ಚದೆ ಬಟ್ಟೆಯ ಮೇಲೆ ಬಿಟ್ಟಿದ್ದೇನೆ ಹಿರೆಕ್, ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ತುಕ್ಕು ಉಕ್ಕಿನಿಂದ ಬಟ್ಟೆಗೆ ಇಳಿದು ಈಗ ಲಾಡಿಯ ಬುಡಕ್ಕೆ ಬಂದಿದೆ. ಇನ್ನೊಂದು ಚಳಿಗಾಲ ಬಿಟ್ಟರೆ ಆ ಗಂಟನ್ನು ಅದೇ ತಿಂದುಹಾಕುತ್ತದೆ. ದಿನಾ ಬೀರು ತೆರೆಯುತ್ತೇನೆ, ಕೈ ಇಡುತ್ತೇನೆ, ಆಗುವುದಿಲ್ಲ. ಅವಳ ಬೆರಳು ಕೊನೆಯದಾಗಿ ನನಗಾಗಿ ಮಾಡಿದ್ದು ಅದೊಂದೇ ಉಳಿದಿದೆ.

ಮೇಲೆ ಬರೆದ ಉತ್ತರ ಹೊಡೆದುಹಾಕು. ಸಂತ ಯೋಹಾನರ ಹಬ್ಬಕ್ಕೆ ಮೊದಲು ನೀನೇ ಬಾ. ಆ ಗಂಟು ನಿನ್ನ ಭುಜದ ಮೇಲೂ ಎಷ್ಟೋ ಸಲ ಬಿದ್ದಿದೆ, ಅದು ನಿನಗೆ ಹೊಸದಲ್ಲ. ಚಾಕು ಹಾಕಬೇಡ, ತಾಳ್ಮೆಯಿದ್ದರೆ ಬಿಚ್ಚಿಕೊಳ್ಳುತ್ತದೆ. ನೀನು ಬಿಚ್ಚುವಾಗ ನಾನು ಕೋಣೆಯಲ್ಲಿರುವುದಿಲ್ಲ, ಹಿತ್ತಲಲ್ಲಿ ಸೌದೆ ಒಡೆಯುತ್ತಿರುತ್ತೇನೆ. ಮುಗಿದ ಮೇಲೆ ಒಳಗಿನಿಂದ ಒಂದು ಸಲ ನನ್ನ ಹೆಸರು ಹಿಡಿದು ಜೋರಾಗಿ ಕೂಗು. ಈ ಮನೆಯ ಒಳಗಿನಿಂದ ಯಾರೂ ನನ್ನನ್ನು ಕೂಗಿ ಬಹಳ ದಿನವಾಯಿತು.