ತಟ್ಟಿದರೆ ಬಿಡಬೇಕು

ಮಂಗಳವಾರ, ಮಧ್ಯಾಹ್ನದ ಬಿಡುವಿನಲ್ಲಿ

ನನ್ನ ಅಮ್ಮನಿಗೆ,

ನಿನ್ನ ಕಾಗದ ಬಂತು. ಭಾನುವಾರ ಅಣ್ಣ ಕಾರು ತರುತ್ತಾನೆ, ಅವನ ಮನೆಗೆ ವಾಪಸು ಹೋಗಲು ಗಂಟುಮೂಟೆ ಕಟ್ಟಿಕೊಂಡು ತಯಾರಾಗಿರು ಎಂದು ಬರೆದಿದ್ದೀಯ. ನಾನು ಬರುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಒಂದು ನಿಟ್ಟುಸಿರು ಬಿಡುತ್ತೀಯ, ನಾನು ಹೂಂ ಅಂದುಬಿಡುತ್ತೇನೆ. ಅದಕ್ಕೇ ಪ್ರೆಸ್ಸಿನಲ್ಲಿ, ತಿದ್ದಬೇಕಾದ ಪ್ರೂಫುಗಳನ್ನು ಬದಿಗೆ ಸರಿಸಿ ಬರೆಯುತ್ತಿದ್ದೇನೆ.

ಅಣ್ಣ ಹೇಳಿದ್ದು ನಿಜ. ಕಳೆದ ವಾರ ಅವನು ಕ್ಲಾಸಿನ ಬಾಗಿಲಿಗೆ ಬಂದಾಗ ನಾನು ಮ್ಯಾಟಿನ ಮೇಲೆ ಅಂಗಾತ ಬಿದ್ದಿದ್ದೆ. ಒಬ್ಬ ಗಂಡಸಿನ ಕುತ್ತಿಗೆ ನನ್ನ ಕಾಲುಗಳ ಹಿಡಿತದಲ್ಲಿ ಸಿಕ್ಕಿಕೊಂಡಿತ್ತು. ಅವರು ನಮ್ಮ ಬೀದಿಯ ಬೇಕರಿಯವರು, ಇಬ್ಬರು ಮಕ್ಕಳ ತಂದೆ, ತೂಕದಲ್ಲಿ ನನ್ನ ಎರಡರಷ್ಟು. ಬಿಡಿಸಿಕೊಂಡು ಎದ್ದವರೇ, "ಏನಮ್ಮಾ, ಪುಸ್ತಕದ ಹುಳ ಅಂದ್ಕೊಂಡಿದ್ದೆ, ಹೆಬ್ಬಾವಾಗಿದ್ದೀಯಲ್ಲ!" ಎಂದು ನಕ್ಕರು. ಅಣ್ಣ ನೋಡಿ ಸುಮ್ಮನೆ ಹೊರಟುಹೋದ.

ನೀನು ಇದನ್ನು ಬೀದಿ ಕುಸ್ತಿ ಎಂದಿದ್ದೀಯ. ಅಲ್ಲ, ಇದರ ಹೆಸರು ಬ್ರೆಜಿಲಿಯನ್ ಜಿಯು-ಜಿಟ್ಸು. ನೂರು ವರ್ಷದ ಹಿಂದೆ ಜಪಾನಿನ ಜೂಡೋ ಪಟುವೊಬ್ಬ ಹಡಗು ಹತ್ತಿ ಬ್ರೆಜಿಲ್ಲಿಗೆ ಹೋಗಿ, ಅಲ್ಲಿನ ಒಂದು ಮನೆಯ ಹುಡುಗನಿಗೆ ಕಲಿಸಿದ. ಆ ಹುಡುಗ ತಮ್ಮಂದಿರಿಗೆ ಕಲಿಸಿದ. ಅವರಲ್ಲೊಬ್ಬ ತೀರಾ ಪೀಚು. ಎದುರಾಳಿಯನ್ನು ಎತ್ತಿ ಒಗೆಯುವ ತ್ರಾಣವಿಲ್ಲದ್ದರಿಂದ, ನೆಲಕ್ಕೆ ಬಿದ್ದ ಮೇಲೆ ಏನೇನು ಮಾಡಬಹುದು ಎನ್ನುವುದನ್ನೇ ಹಟ ಹಿಡಿದು ಕಲಿತನಂತೆ. ನಮ್ಮ ಕ್ಲಾಸಿನಲ್ಲಿ ಹೇಳುವ ಕಥೆ ಇದು. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳಾದ ನನಗೆ ಕೇಳಿದ ದಿನವೇ ಹಿಡಿಸಿತು.

ಎರಡು ವರ್ಷವಾದರೂ ಇನ್ನೂ ಬಿಳಿ ಬೆಲ್ಟೇ, ಶಾಲೆಯಲ್ಲಾಗಿದ್ದರೆ ಎರಡು ಕ್ಲಾಸು ಪಾಸಾಗುತ್ತಿದ್ದೆ ಎಂದು ಚುಚ್ಚಿದ್ದೀಯ. ಹೌದು, ಬಿಳಿಯೇ. ಅದರ ತುದಿಗೆ, ಕಲಿತದ್ದರ ಗುರುತಾಗಿ, ನಾಲ್ಕು ಸುತ್ತು ಟೇಪು ಬಿದ್ದಿದೆ, ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿದಿದೆ. ಮುಂದೆ ನೀಲಿ, ನೇರಳೆ, ಕಂದು, ಕಪ್ಪು. ಕಪ್ಪಿಗೆ ಹತ್ತು ವರ್ಷವಾದರೂ ಬೇಕು. ಅದರಾಚೆ ಕೆಂಪೂ ಇದೆ, ಆದರೆ ಅದು ಸಿಗುವ ಹೊತ್ತಿಗೆ ತಲೆ ಪೂರ್ತಿ ನರೆತಿರುತ್ತದೆ. ನಮ್ಮಲ್ಲಿ ಪರೀಕ್ಷೆಯಿಲ್ಲ, ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಒಂದು ದಿನ ಕೋಚ್ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಾರೆ, ಅಷ್ಟೆ. ನನಗೇನೂ ಅವಸರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ದಡ್ಡಿಯಾಗಿದ್ದೆ. ಕೀಲು ಬಿಗಿದಾಗ ಅಥವಾ ಉಸಿರು ಕಟ್ಟಿದಾಗ ಎದುರಿನವರ ಮೈಯನ್ನು ಎರಡು ಸಲ ತಟ್ಟಬೇಕು. ತಟ್ಟಿದ ಕ್ಷಣ ಅವರು ಬಿಡಲೇಬೇಕು. ನನಗೆ ತಟ್ಟಲು ಸಂಕೋಚ! ಮೊದಲ ತಿಂಗಳು ಕ್ಲಾಸಿಗೆ ಬರುವ ಒಬ್ಬಳು ನರ್ಸ್ ನನ್ನ ಮೊಣಕೈಯನ್ನು ಸಿಕ್ಕಿಸಿದಾಗ, ಪಾಪ ಇಷ್ಟು ಕಷ್ಟಪಟ್ಟು ಹಿಡಿದಿದ್ದಾಳೆ, ನಡುವೆ ಯಾಕೆ ತೊಂದರೆ ಕೊಡುವುದು ಎಂದು ಸುಮ್ಮನಿದ್ದೆ. ಲಟಕ್ ಎಂದಿತು. ಬಚ್ಚಲಲ್ಲಿ ಜಾರಿದೆ ಎಂದು ನಿನಗೆ ಸುಳ್ಳು ಹೇಳಿದ್ದು ಆ ಕೈಯ ಬಗ್ಗೆಯೇ. ನಮ್ಮ ಕೋಚ್ ಹಗಲು ವೈರಿಂಗ್ ಕೆಲಸ ಮಾಡುವ ಹೆಂಗಸು, ಎಲ್ಲರಿಗೂ ಅಕ್ಕ. ಅವರು ಚೆನ್ನಾಗಿ ಬೈದರು: "ನಿನಗೆ ನೋಯ್ತಿದೆ ಅಂತ ನಾವೇನು ಕನಸು ಕಾಣ್ಬೇಕಾ? ಬಾಯಿಲ್ದಿದ್ರೆ ಕೈಯಾದ್ರೂ ಇದೆಯಲ್ಲೇ!"

ಕೈ ವಾಸಿಯಾದ ಮೇಲೆ ಒಂದು ವಾರ ನನಗೆ ಬೇರೆ ಪಾಠವೇ ಇರಲಿಲ್ಲ. ಒಬ್ಬೊಬ್ಬರೇ ಬಂದು ಹಿಡಿಯುವುದು, ನಾನು ತಟ್ಟುವುದು, ಅವರು ಬಿಡುವುದು. ಮೂರನೆಯ ದಿನ ಅಳು ಬಂದುಬಿಟ್ಟಿತು. ನಾನು ಸಾಕು ಎಂದ ಕೂಡಲೇ ಯಾರಾದರೂ ಬಿಟ್ಟದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ, ಅಮ್ಮ.

ಡಿಗ್ರಿ ಮುಗಿಸಿ ಅಣ್ಣನ ಮನೆಯಲ್ಲಿದ್ದ ಮೂರು ವರ್ಷ ಯಾರೂ ನನ್ನನ್ನು ಗದರಿಸಲಿಲ್ಲ. "ಹೇಗೂ ಮನೇಲೇ ಇರ್ತೀಯಲ್ಲ" ಎಂದರು, ಅಷ್ಟೆ. ಆ ಒಂದು ಮಾತಿನ ಮೇಲೆ ಮಕ್ಕಳ ಸ್ನಾನ, ಹೋಂವರ್ಕು, ಅಡಿಗೆ, ಇಸ್ತ್ರಿ ಎಲ್ಲ ನನ್ನ ತಲೆಗೆ ಬಂತು. ಈಗ ಅತ್ತಿಗೆ ಮತ್ತೆ ಕೆಲಸಕ್ಕೆ ಸೇರುತ್ತಿದ್ದಾರೆ ಎಂದು ಚಿಕ್ಕಮ್ಮ ಬಾಯಿಬಿಟ್ಟಳು. ನೀನು ಮಾನ ಮರ್ಯಾದೆ ಎಂದು ನಾಲ್ಕು ಪುಟ ತುಂಬಿಸಿದೆ, ಇದೊಂದನ್ನು ಬರೆಯಲಿಲ್ಲ. ಆ ಮಕ್ಕಳೆಂದರೆ ನನಗೆ ಪ್ರಾಣ. ಆದರೂ ಬರುವುದಿಲ್ಲ. ನನಗೊಂದು ಕೋಣೆಯಿದೆ, ಕೆಲಸವಿದೆ, ವಾರಕ್ಕೆ ಮೂರು ಸಂಜೆ ನನ್ನೊಡನೆ ಸೆಣಸಲು ಕಾಯುವ ಜನರಿದ್ದಾರೆ.

ಭಾನುವಾರ ಅಣ್ಣನನ್ನು ಕಳಿಸಬೇಡ. ನೀನು ಬರುವುದಾದರೆ ಬಾ. ಬೆಳಿಗ್ಗೆ ಹತ್ತಕ್ಕೆ ಕ್ಲಾಸು, ಗೋಡೆಯ ಪಕ್ಕ ಬೆಂಚಿದೆ, ಕೂತು ನೋಡು. ಆಮೇಲೆ ಬೇಕಾದರೆ ಬೈ.

ಹೆದರುತ್ತಲೇ, ಆದರೆ ಜಗ್ಗದೆ,
ನಿನ್ನ ಕಿರಿಮಗಳು

ತಾ.ಕ.: ಅಣ್ಣ ಸುಮ್ಮನೆ ಹೊರಟುಹೋದ ಎಂದು ಮೇಲೆ ಬರೆದದ್ದು ಸುಳ್ಳು. ಅಮ್ಮನಿಗೆ ಹೇಳಬೇಡ ಎಂದು ಅವನೇ ಕೇಳಿಕೊಂಡಿದ್ದ. ನನ್ನ ಮಣಿಕಟ್ಟು ಹಿಡಿದು ಎಲ್ಲರೆದುರು ರಸ್ತೆಗೆ ಎಳೆದ. ಬಿಡು ಎಂದೆ. ಅವನ ಕೈಮೇಲೆ ಎರಡು ಸಲ ತಟ್ಟಿಯೂ ತಟ್ಟಿದೆ. ಬಿಡಲಿಲ್ಲ. ಆಮೇಲೆ ನೋಡಿದರೆ ಅವನು ಫುಟ್‌ಪಾತಿನ ಮೇಲೆ ಅಂಗಾತ ಬಿದ್ದಿದ್ದ, ಅವನ ತೋಳು ನನ್ನ ಎದೆಗೆ ಬಿಗಿದಿತ್ತು. ಅವನಿಗೆ ತಟ್ಟಲು ಯಾರೂ ಕಲಿಸಿರಲಿಲ್ಲ. "ಸಾಕು ಕಣೇ, ಬಿಡೇ" ಎಂದ. ಒಂದೇ ಸಲ ಅಂದದ್ದು. ಬಿಟ್ಟೆ.