ನಿಮ್ಮ ಹೂಕುಂಡದಲ್ಲಿ ನಮ್ಮ ಹೊಲ

ಮಣ್ಣು ಪರೀಕ್ಷಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಇವತ್ತು ಬೆಳಿಗ್ಗೆ ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕದ ಹೂಕುಂಡದಲ್ಲಿ ನನ್ನ ಅಕ್ಷರ ಕಂಡಿತು. ದಾಸವಾಳದ ಬುಡದಲ್ಲಿ, ಆಗಷ್ಟೇ ನೀರುಂಡ ಕೆಂಪು ಮಣ್ಣಿನಿಂದ ಒಂದು ಚೀಟಿಯ ಮೂಲೆ ಹೊರಗೆ ಇಣುಕುತ್ತಿತ್ತು. ಬೆರಳಿನಿಂದ ಮಣ್ಣು ಸರಿಸಿದೆ. ‘ಪುತಳಾಬಾಯಿ, ಕಮಲಾಪುರ, ಒಂದು ಎಕರೆ’. ನಾನೇ ಪೆನ್ಸಿಲಿನಲ್ಲಿ ಬರೆದು ಮಾದರಿಯ ಚೀಲದೊಳಗೆ ಹಾಕಿದ್ದ ಚೀಟಿ. ಶಾಯಿ ಒದ್ದೆಯಾದರೆ ಅಳಿಸುತ್ತದೆ, ಪೆನ್ಸಿಲಿನಲ್ಲೇ ಬರೆಯಿರಿ ಎಂದು ನಿಮ್ಮ ಕರಪತ್ರ ಹೇಳಿತ್ತು. ಕರಪತ್ರದ ಮಾತು ನಿಜ. ಅಳಿಸಿರಲಿಲ್ಲ.

ನನ್ನ ದೂರು ಇಷ್ಟೇ. ಹದಿನೆಂಟು ದಿನಗಳ ಹಿಂದೆ ಪರೀಕ್ಷೆಗೆಂದು ಕೊಟ್ಟ ನಮ್ಮ ಹೊಲದ ಅರ್ಧ ಕಿಲೋ ಮಣ್ಣು ಪ್ರಯೋಗಾಲಯದ ಬಾಗಿಲು ದಾಟದೆ ದಾಸವಾಳದ ಬುಡ ಸೇರಿದೆ. ‘ಲ್ಯಾಬಿನಲ್ಲಿ ಭದ್ರವಾಗಿದೆ’ ಎಂದು ನಿಮ್ಮವರು ನನಗೆ ಮೂರು ಸಲ ಹೇಳಿದ್ದರು. ಗಿಡದಲ್ಲಿ ನಾಲ್ಕು ಹೊಸ ಮೊಗ್ಗುಗಳಿವೆ ಎಂಬುದನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ನಮ್ಮ ಮಣ್ಣಿನ ಬಗ್ಗೆ ನಿಮ್ಮ ಕಚೇರಿಯಿಂದ ಹೊರಬಂದ ಸರಿಯಾದ ವರದಿ ಸದ್ಯಕ್ಕೆ ಅದೊಂದೇ.

ನಾನು ಯಾರನ್ನೂ ತಡೆದು ಕೇಳುವ ಸ್ವಭಾವದವಳಲ್ಲ. ಇವತ್ತು ಮಾತ್ರ ಕಾವಲುಗಾರ ಖಂಡೆಪ್ಪನವರನ್ನು ಕೇಳಿದೆ. ಅವರು ಸಂಕೋಚಪಡಲಿಲ್ಲ. “ಬ್ಯಾಡಂದ ಮಣ್ಣ ಹೊರಗ ಕೊಡ್ತಾರ ತಂಗಿ. ಕಸದಾಗ ಚೆಲ್ಲಾಕ ಮನಸ್ಸ ಬರಂಗಿಲ್ಲ. ಅದಕ್ಕ ಕುಂಡಕ್ಕ ಹಾಕ್ತೀನಿ,” ಎಂದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆ ಕಟ್ಟಡದಲ್ಲಿ ನಮ್ಮ ಮಣ್ಣನ್ನು ಕೈಯಿಂದ ಮುಟ್ಟಿ ನೋಡಿದವರು ಅವರೊಬ್ಬರೇ.

ವಿಷಯ ಮೊದಲಿನಿಂದ ಹೇಳಬೇಕು. ಪುತಳಾಬಾಯಿ ನನ್ನ ಅವ್ವ. ಇಪ್ಪತ್ತು ವರ್ಷ ಕಮಲಾಪುರದಲ್ಲಿ ಬೇರೆಯವರ ತೋಟದಲ್ಲಿ ಕೆಂಪು ಬಾಳೆಯ ಕಂದು ನೆಟ್ಟವಳು, ಗೊನೆ ಹೊತ್ತವಳು. ಈಗ ಅವಳ ಹೆಸರಿನಲ್ಲೇ ಒಂದು ಎಕರೆ ಇದೆ. ಅದರಲ್ಲಿ ತನ್ನದೇ ಬಾಳೆ ಹಚ್ಚಬೇಕು ಎಂಬುದು ಅವಳ ಆಸೆ. ಸರಕಾರದ ಈ ಸಲದ ಕೆಂಪು ಬಾಳೆ ಬೆಳೆಗಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಕಂದು ಸಿಗುತ್ತದೆ, ಹನಿ ನೀರಾವರಿಯ ಪೈಪು ಸಿಗುತ್ತದೆ, ನಾಳೆ ಗೊನೆಯ ಮೇಲೆ ಊರಿನ ಹೆಸರಿನ ಚೀಟಿ ಅಂಟಿಸಿಕೊಳ್ಳುವ ಹಕ್ಕೂ ಸಿಗುತ್ತದೆ. ಪಟ್ಟಿ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಷರತ್ತು ಒಂದೇ: ಹೊಲ ಕೆಂಪು ಮಣ್ಣಿನದಾಗಿರಬೇಕು. ನಮ್ಮದು ಎಂಥ ಕೆಂಪೆಂದರೆ, ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದ ಬಿಳಿ ಸೀರೆ ಮತ್ತೆ ಬಿಳಿಯಾಗುವುದಿಲ್ಲ. ಆದರೆ ನೀವು ಕೊಟ್ಟ ಮಣ್ಣು ಆರೋಗ್ಯ ಚೀಟಿಯಲ್ಲಿ ‘ಕಪ್ಪು ಜೇಡಿ, ತೊಗರಿ ಮತ್ತು ಹತ್ತಿಗೆ ಸೂಕ್ತ’ ಎಂದಿದೆ.

ಇದರಲ್ಲಿ ಅವ್ವನ ತಪ್ಪೂ ಇದೆ. ಮುಚ್ಚಿಡುವುದಿಲ್ಲ. ಹೋದ ವರ್ಷ ನಾನು ಎಂ.ಎ. ಪರೀಕ್ಷೆಗೆಂದು ಕಲಬುರಗಿಯಲ್ಲಿದ್ದಾಗ ನಿಮ್ಮ ಸಿಬ್ಬಂದಿ ಕಮಲಾಪುರಕ್ಕೆ ಬಂದರು. ಹೊಲಗಳಿಗೆ ಹೋಗಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಎಲ್ಲರೂ ನಿಮ್ಮ ನಿಮ್ಮ ಹೊಲದ ಮಣ್ಣು ತನ್ನಿ ಎಂದರು. ಎಲ್ಲಿಂದ, ಹೇಗೆ ಎಂದು ಹೇಳಲಿಲ್ಲ. ನಮ್ಮ ಮನೆಗೆ ಯಾರೇ ಬಂದರೂ ಅವರ ಮುಂದೆ ಇಡುವುದು ಮನೆಯಲ್ಲಿರುವ ಅಂಚು ಮುರಿಯದ ಒಂದೇ ಒಂದು ತಾಟು. ಸರಕಾರ ಬಂದು ಮಣ್ಣು ಕೇಳಿದಾಗಲೂ ಅವ್ವ ಹಾಗೆಯೇ ಯೋಚಿಸಿದಳು. ಹೊಲದ ಮೂಲೆಯಲ್ಲಿ ಅವಳು ಬೇಸಿಗೆಯಿಡೀ ಬುಟ್ಟಿಯಲ್ಲಿ ಹೊತ್ತು ತಂದ ಕೆರೆಯ ಹೂಳಿನ ಗುಡ್ಡೆ ಇತ್ತು. ಕಪ್ಪಗೆ, ಬೆಣ್ಣೆಯಂತೆ ನುಣ್ಣಗೆ. ಅದರಿಂದ ಎರಡು ಬೊಗಸೆ ತೆಗೆದು, ಜರಡಿ ಹಿಡಿದು, ತೊಗರಿಬೇಳೆ ಆರಿಸಿದಂತೆ ಕಲ್ಲು ಆರಿಸಿ, ಹೊಸ ಚೀಲದಲ್ಲಿ ಕೊಟ್ಟು ಬಂದಳು.

ಆರೋಗ್ಯ ಚೀಟಿ ಕೈಗೆ ಬಂದ ಮೇಲೆ ನಾನು ಕೇಳಿದ್ದಕ್ಕೆ ಅವಳ ಉತ್ತರ ಇದು: “ಸರಕಾರ ಬಾಯಿಬಿಟ್ಟ ಕೇಳ್ಯಾದ, ಕಲ್ಲು ಗರಸು ಕೊಡಲಾಕ ಬರತಾದೇನ? ಇದ್ದದ್ರಾಗ ಚಲೋದು ಕೊಟ್ಟೀನಿ.”

ನೀವು ನಗಬಹುದು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಮೇಲಿನವರು ಬರುತ್ತಾರೆಂದು ತಿಳಿದ ದಿನ ಸರಕಾರಿ ಕಟ್ಟಡದ ರಸ್ತೆಯತ್ತ ಇರುವ ಗೋಡೆಗಷ್ಟೇ ಸುಣ್ಣ ಬಳಿಯುವುದನ್ನು ಅವ್ವ ನಲವತ್ತು ವರ್ಷಗಳಿಂದ ನೋಡಿದ್ದಾಳೆ. ಸರಕಾರಕ್ಕೆ ಇದ್ದದ್ದನ್ನು ತೋರಿಸಬಾರದು, ಒಳ್ಳೆಯದನ್ನು ಮಾತ್ರ ತೋರಿಸಬೇಕು ಎಂಬ ಪಾಠ ಅವಳಿಗೆ ಹೇಳಿಕೊಟ್ಟವರು ಯಾರು? ಒಂದು ಸಲ, ಒಂದೇ ಒಂದು ಸಲ, ಅವಳು ಅದನ್ನು ಪಾಲಿಸಿದಳು. ನೀವು ಅದನ್ನೇ ಮುದ್ರೆ ಒತ್ತಿ ವಾಪಸ್ ಕೊಟ್ಟಿರಿ.

ಹೀಗಾಗಿ ಎರಡನೆಯ ಸಲ ನಾನೇ ಮಣ್ಣು ತೆಗೆದೆ. ನಿಮ್ಮ ಕರಪತ್ರವನ್ನು, ಪರೀಕ್ಷೆಯ ಹಿಂದಿನ ದಿನ ಪಠ್ಯ ಓದುವಂತೆ, ಗೆರೆ ಎಳೆದು ಓದಿದೆ. ಬದುವಿನ ಹತ್ತಿರ ಬೇಡ, ಮರದ ಕೆಳಗೆ ಬೇಡ, ಗೊಬ್ಬರದ ಗುಡ್ಡೆ ಇದ್ದಲ್ಲಿ ಬೇಡ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಕಡೆ ಗೇಣು ಆಳದ ಗುಂಡಿ ತೋಡಿದೆ. ಎಲ್ಲವನ್ನೂ ಗೋಣಿಯ ಮೇಲೆ ಸುರಿದು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಬೆರೆಸಿ, ಅರ್ಧ ಕಿಲೋ ಉಳಿಯುವ ತನಕ ಹಾಗೆಯೇ ಮಾಡಿದೆ. ನೆರಳಿನಲ್ಲಿ ಒಣಗಿಸಿದೆ. ಕಲ್ಲು ಆರಿಸಲು ಕೈ ಹಾಕಿದ ಅವ್ವನ ಕೈಯನ್ನು ಎರಡು ಸಲ ಹಿಡಿದು ನಿಲ್ಲಿಸಿದೆ. ಇಷ್ಟು ಶ್ರದ್ಧೆಯಿಂದ ನಾನು ನನ್ನ ಪ್ರಬಂಧವನ್ನೂ ಬರೆದಿರಲಿಲ್ಲ.

ನಿಮ್ಮ ಕಚೇರಿಯ ಅರುಣಕುಮಾರ ಅವರು ಚೀಲ ಇಸಿದುಕೊಂಡರು. ಮೊದಲ ವಾರ ಹೋದಾಗ ಲ್ಯಾಬಿನಲ್ಲಿದೆ ಎಂದರು. ಎರಡನೆಯ ವಾರವೂ ಲ್ಯಾಬಿನಲ್ಲೇ ಇತ್ತು. ನಾಲ್ಕು ದಿನಗಳ ಹಿಂದೆ ಅವ್ವನೂ ಕೂಡ ಬಂದಾಗ ಅವರು ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿ ಹೇಳಿದರು: “ನೋಡ್ರಿ, ಒಂದು ಹೊಲಕ್ಕ ಒಂದೇ ಮಣ್ಣ. ಮೊದಲೇ ಕರಿ ಅಂತ ಏರಿಸ್ಯಾರ. ಈಗ ಕೆಂಪಂದ್ರ ಸಿಸ್ಟಮ್ ತಗೊಳಂಗಿಲ್ಲ.” ಹಳೆಯದನ್ನು ರದ್ದು ಮಾಡಲು ದಾರಿ ಇಲ್ಲವೇ ಎಂದದ್ದಕ್ಕೆ ಒಂದು ಮುದ್ರಿತ ಹಾಳೆ ಕೊಟ್ಟರು. ‘ನಾನು ಸುಳ್ಳು ಮಾದರಿ ನೀಡಿ ಕಚೇರಿಯನ್ನು ವಂಚಿಸಿರುತ್ತೇನೆ’ ಎಂಬ ವಾಕ್ಯದ ಕೆಳಗೆ ಅವ್ವ ಹೆಬ್ಬೆಟ್ಟು ಒತ್ತಬೇಕಂತೆ. ಮಣ್ಣು ಎಲ್ಲಿದೆ ಎಂದು ಕೇಳಿದೆ. ಆಗಲೇ ಮೂರನೆಯ ಸಲ, ಲ್ಯಾಬಿನಲ್ಲಿ ಭದ್ರವಾಗಿದೆ ಎಂದರು.

ಆ ವಾಕ್ಯವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಮಸಿಯ ಡಬ್ಬಿಯನ್ನು ಮೆಲ್ಲಗೆ ಆಚೆ ಸರಿಸಿದಳು. “ತಪ್ಪಾಗ್ಯಾದಂತ ಬರೀರಿ ಸಾಹೇಬ್ರ, ಒತ್ತತೀನಿ. ಮೋಸ ಮಾಡೀನಂತ ಬರದಿದ್ದಕ್ಕ ಒತ್ತಂಗಿಲ್ಲ.” ತಪ್ಪಿಗೆ ಬೇರೆ ಹಾಳೆ ಇಲ್ಲ ಎಂದರು ಅರುಣಕುಮಾರ ಅವರು. ಅದು ನಿಜವಿರಬೇಕು. ತಪ್ಪು ಎಂಬುದು ನಿಮ್ಮ ಕಚೇರಿಯಲ್ಲಿ ಎಂದೂ ನಡೆಯದಿರುವಾಗ ಅದಕ್ಕೊಂದು ಹಾಳೆಯನ್ನು ಯಾರಾದರೂ ಯಾಕೆ ಅಚ್ಚು ಹಾಕಿಸುತ್ತಾರೆ?

ಈ ನಡುವೆ ಮಣ್ಣನ್ನು ಓದುವುದು ಹೇಗೆ ಎಂಬುದನ್ನು ನಮ್ಮ ಹೊಲದಲ್ಲೇ ನೋಡುವ ಭಾಗ್ಯ ನನಗೆ ಸಿಕ್ಕಿತು. ಕೆಂಪು ಮತ್ತು ಕಪ್ಪು ಮಣ್ಣುಗಳನ್ನು ಹೋಲಿಸಿ ಸಂಶೋಧನೆ ಮಾಡುತ್ತಿರುವ ಮೆಹರೀನ್ ಎಂಬವರು ಕಮಲಾಪುರದ ಬಸ್ಸಿನಲ್ಲಿ ಪರಿಚಯವಾದರು. ನಮ್ಮ ಕಥೆ ಕೇಳಿ ಮರುದಿನವೇ ಬಂದರು. ಬಂದವರು ಮೊದಲು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಎದೆಯೆತ್ತರದ ಗುಂಡಿ ತೆಗೆಸಿ, ಒಳಗೆ ಇಳಿದು, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು ಸುಮ್ಮನೆ ನೋಡುತ್ತ ನಿಂತರು. ಮೇಲೆ ಒಂದು ಗೇಣು ಕಂದುಗೆಂಪು. ಅದರ ಕೆಳಗೆ ಹುಣಸೆಬೀಜದಂಥ ತುಕ್ಕುಬಣ್ಣದ ಹರಳು. ಇನ್ನೂ ಕೆಳಗೆ ಹಳದಿ ಬೆರೆತ ಮೆತ್ತನೆಯ ಗರಸು. ಪ್ರತಿ ಪದರಕ್ಕೂ ಮೊಳೆ ಚುಚ್ಚಿ, ಅಳತೆಯ ಪಟ್ಟಿ ಇಳಿಬಿಟ್ಟು, ಬಣ್ಣದ ಚೌಕಗಳಿರುವ ಪುಸ್ತಕದ ಪಕ್ಕ ಮಣ್ಣು ಹಿಡಿದು ಬರೆದುಕೊಂಡರು.

ಆಮೇಲೆ ಅವ್ವನ ಹೂಳನ್ನೂ ತರಿಸಿದರು. ಹೂಳು ಹಸಿಯಾಗಿತ್ತು, ಹೊಲದ ಮಣ್ಣು ಒಣಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟ ಅವ್ವನಿಗೆ, “ಒಂದು ಹಸಿ, ಒಂದು ಒಣ ಇಟ್ಟು ಹೋಲಸಬಾರದು ಅಮ್ಮಾ. ಎರಡಕ್ಕೂ ಅಷ್ಟೇ ನೀರು ಕುಡಿಸಬೇಕು. ಆಮ್ಯಾಲ ಯಾವುದು ಹ್ಯಾಂಗದ ಅಂತ ಹೇಳಬೇಕು,” ಎಂದರು.

ಅವ್ವ ಚೊಂಬು ಬಗ್ಗಿಸುತ್ತ, “ಮನಷ್ಯಾರಿಗೂ ಹಂಗೇ ಮಾಡಿದ್ರ ಬೇಶಿತ್ತು ಬಿಡ್ರಿ,” ಎಂದಳು.

ಮೆಹರೀನ್ ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಲಾಡಿಯ ಹಾಗೆ ಹೊರದಬ್ಬಿದರು. ಹೂಳು ಬೆರಳುದ್ದ ಬಂದರೂ ತುಂಡಾಗಲಿಲ್ಲ. ಹೊಲದ ಮಣ್ಣು ಉಗುರಿನಷ್ಟು ಬರುವುದರೊಳಗೆ ಮುರಿದು ಬಿತ್ತು. ಸೀಸೆಯಿಂದ ಎರಡು ಹನಿ ಆಮ್ಲ ಬಿಟ್ಟಾಗ ಹೂಳು ಸುಣ್ಣದಂತೆ ಬುಸುಗುಟ್ಟಿತು, ಹೊಲದ ಮಣ್ಣು ಸುಮ್ಮನಿತ್ತು. ಇವೆರಡೂ ಒಂದೇ ಮಣ್ಣು ಎನ್ನಲು ನಿಮ್ಮ ಸಿಸ್ಟಮ್ಮಿನಷ್ಟು ಧೈರ್ಯ ಬೇಕು. ಮೆಹರೀನ್ ಎಲ್ಲವನ್ನೂ ಬರೆದುಕೊಟ್ಟಿದ್ದಾರೆ. ಅದರ ಮೇಲೆ ನಿಮ್ಮ ಮುದ್ರೆ ಇಲ್ಲವಾದ್ದರಿಂದ ಅದು ನಿಜವಲ್ಲ ಎಂದು ನನಗೆ ತಿಳಿಸಲಾಗಿದೆ.

ನಾನು ಸಾಹಿತ್ಯ ಓದಿದವಳು. ಎರಡು ಕೃತಿಗಳನ್ನು ಹೋಲಿಸುವ ಮೊದಲು ಎರಡನ್ನೂ ಓದಿರಬೇಕು ಎಂಬುದು ನಮಗೆ ಮೊದಲ ತರಗತಿಯಲ್ಲಿ ಹೇಳುವ ಮಾತು. ಓದದೆ ಬರೆದವರಿಗೆ ಅಲ್ಲಿ ಅಂಕ ಸಿಗುವುದಿಲ್ಲ. ಇಲ್ಲಿ ಹುದ್ದೆ ಸಿಗುತ್ತದೆ ಎಂದು ಮೊದಲೇ ತಿಳಿದಿದ್ದರೆ ನಾನೂ ವಿಜ್ಞಾನವನ್ನೇ ಆರಿಸಿಕೊಳ್ಳುತ್ತಿದ್ದೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಅವ್ವನನ್ನು ವಂಚಕಿ ಎಂದು ಕರೆಯದೆ ಆ ಆರೋಗ್ಯ ಚೀಟಿಯನ್ನು ರದ್ದು ಮಾಡಿ. ಮೂವತ್ತರೊಳಗೆ ಯಾರನ್ನಾದರೂ ಹೊಲಕ್ಕೆ ಕಳಿಸಿ, ಅವರ ಕೈಯಿಂದಲೇ ಮಣ್ಣು ತೆಗೆಸಿ. ಬೇರೆ ಯಾರೂ ಇಲ್ಲವಾದರೆ ಖಂಡೆಪ್ಪನವರನ್ನೇ ಕಳಿಸಿ, ಅವರಿಗೆ ಮಣ್ಣು ಗೊತ್ತಿದೆ. ಮತ್ತು ‘ತಪ್ಪಾಗಿದೆ’ ಎಂದು ಬರೆಯಲು ಒಂದು ಹಾಳೆ ಅಚ್ಚು ಹಾಕಿಸಿ. ನಿಮಗೂ ಬೇಕಾದೀತು.

ಮೆಹರೀನ್ ತೆಗೆಸಿದ ಗುಂಡಿಯನ್ನು ಮುಚ್ಚು ಎಂದು ಅವ್ವ ದಿನಾ ಹೇಳುತ್ತಾಳೆ, ಆಡು ಬಿದ್ದೀತೆಂದು. ನಾನು ಸುತ್ತ ಜಾಲಿಮುಳ್ಳು ಹಚ್ಚಿದ್ದೇನೆ. ಮೊನ್ನೆಯ ಮಳೆಗೆ ಒಳಗೆ ನಿಂತ ನೀರು ಮಧ್ಯಾಹ್ನದೊಳಗೆ ಇಂಗಿಹೋಯಿತು. ಕಪ್ಪು ಜೇಡಿಯಾಗಿದ್ದರೆ ವಾರವಾದರೂ ನಿಲ್ಲುತ್ತಿತ್ತು. ಮೂವತ್ತರ ಸಂಜೆ ನಿಮ್ಮ ಬಾಗಿಲು ಮುಚ್ಚುವ ತನಕ ಅದು ತೆರೆದೇ ಇರುತ್ತದೆ, ಯಾರು ಬೇಕಾದರೂ ಇಳಿದು ನೋಡಬಹುದು.

ಮರುದಿನ ಬೆಳಿಗ್ಗೆ, ಪಟ್ಟಿಯಲ್ಲಿ ಹೆಸರು ಇರಲಿ, ಇಲ್ಲದಿರಲಿ, ಕೆಳಗಿನ ಮಣ್ಣು ಕೆಳಗೆ, ಮೇಲಿನದು ಮೇಲೆ ಬರುವಂತೆ ಗುಂಡಿ ತುಂಬಿ ಅಲ್ಲಿ ಮೊದಲ ಕಂದು ಇಡುತ್ತೇನೆ. ಅವ್ವ ಇಷ್ಟು ವರ್ಷ ದುಡಿದ ತೋಟದ ಇಮಾಮುದ್ದೀನ್ ಚಾಚಾ ಇಪ್ಪತ್ತು ಕಂದು ಕೊಡಲು ಒಪ್ಪಿದ್ದಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ನಿಮ್ಮ ಕುಂಡದ ಚೀಟಿಯನ್ನು ಇವತ್ತು ಒರೆಸಿಕೊಂಡು ತಂದಿದ್ದೇನೆ. ಆ ಕಂದಿನ ಬುಡಕ್ಕೆ ಅದನ್ನೇ ಹಾಕುತ್ತೇನೆ. ಪೆನ್ಸಿಲಿನಲ್ಲಿ ಬರೆದದ್ದು, ಅಳಿಸುವುದಿಲ್ಲ.

ಇಂತಿ,
ನಿಮ್ಮ ದಾಸವಾಳಕ್ಕೆ ಅರ್ಧ ಕಿಲೋ ಹೊಲ ಬಿಟ್ಟುಕೊಟ್ಟ,
ಕಾವೇರಿ
(ಕಪ್ಪು ಜೇಡಿಯ ಪುತಳಾಬಾಯಿಯ ಮಗಳು, ನಿಮ್ಮ ದಾಖಲೆಯ ಪ್ರಕಾರ)
ಕಮಲಾಪುರ