ಕಿಟಕಿಯಾಚೆ ತೂಗುವ ಚೀಲ

ಪ್ರೀತಿಯ ಮರೈಕೆ ಟೀಚರ್,

ನಾನು ಪಾಸಾದೆ. ಹೈಸ್ಕೂಲಿನ ಕೊನೆಯ ಪರೀಕ್ಷೆಯ ಫಲಿತಾಂಶ ಹೇಳಲು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಪಾಸಾದ ಮಕ್ಕಳ ಮನೆಮುಂದೆ ಬಾವುಟ ಹಾರಿಸಿ, ಕಂಬದ ತುದಿಗೆ ಅವರ ಶಾಲೆಯ ಚೀಲ ಕಟ್ಟುತ್ತಾರಲ್ಲ, ರಾಟರ್‌ಡ್ಯಾಮಿನ ನಮ್ಮ ಮೂರನೇ ಮಹಡಿಗೆ ಕಂಬ ಎಲ್ಲಿಂದ ಬರಬೇಕು? ಅಮ್ಮ ನೆಲ ಒರೆಸುವ ಕೋಲನ್ನೇ ಕಿಟಕಿಯಾಚೆ ಚಾಚಿ ಕಟ್ಟಿದ್ದಾಳೆ. ಅದರ ತುದಿಯಲ್ಲಿ ನನ್ನ ಹರಕು ಚೀಲ ತೂಗುತ್ತಿದೆ. ಅದನ್ನು ನೋಡುತ್ತ ಕೂತವಳಿಗೆ ನಿಮಗೆ ಬರೆಯದೆ ಇರಲಾಗಲಿಲ್ಲ.

ಹನ್ನೆರಡನೇ ವಯಸ್ಸಿಗೇ ಯಾವ ಮಗು ಯಾವ ಶಾಲೆಗೆ ಎಂದು ಇಲ್ಲಿ ತೀರ್ಮಾನವಾಗಿಬಿಡುತ್ತದೆ. ಆ ವರ್ಷ ಹೆಡ್‌ಮಾಸ್ಟರು ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು, ಮನೆಯಲ್ಲಿ ಓದಿಸುವವರಿಲ್ಲ, ಕೈಕೆಲಸ ಕಲಿಸುವ ಶಾಲೆಯೇ ಈ ಹುಡುಗಿಗೆ ಸರಿ ಎಂದರು. ಕೈಕೆಲಸ ಕೀಳೆಂದಲ್ಲ ಟೀಚರ್, ನನಗೆ ಹಿಡಿದಿದ್ದು ಲೆಕ್ಕದ ಹುಚ್ಚು. ಅಮ್ಮ ಮಾತ್ರ ತಲೆಯಾಡಿಸುತ್ತಲೇ ಹೋದಳು, ಕೊನೆಗೆ ಉಪಕಾರವಾಯಿತು ಎಂದೂ ಹೇಳಿದಳು. ಅವಳು ಹುಟ್ಟಿದ ಕೇಪ್ ವರ್ಡಿ ದ್ವೀಪದಲ್ಲಿ ಪಾಠ ಹೇಳುವವರ ಮುಂದೆ ತಲೆಯಾಡಿಸುವುದು ಮರ್ಯಾದೆ. ಹೆಡ್‌ಮಾಸ್ಟರು ಅದನ್ನು ಒಪ್ಪಿಗೆ ಎಂದುಕೊಂಡರು.

ನೀವು ಹಾಗೆಂದುಕೊಳ್ಳಲಿಲ್ಲ. ಊಟದ ಹೊತ್ತಿಗೆ ಹೇಳದೆ ಕೇಳದೆ ಯಾರೂ ಯಾರ ಮನೆಗೂ ಹೋಗದ ಈ ಊರಿನಲ್ಲಿ, ಸರಿಯಾಗಿ ಆರು ಗಂಟೆಗೆ ಬಂದು ನಮ್ಮ ಬಾಗಿಲು ತಟ್ಟಿದಿರಿ. ನಾನೇನೋ ಕಿತಾಪತಿ ಮಾಡಿದ್ದೇನೆಂದು ಅಮ್ಮ ನನ್ನತ್ತ ಕಣ್ಣು ಬಿಟ್ಟಳು. ಮೆಕ್ಕೆಜೋಳ, ಕಾಳು ಬೇಯಿಸಿದ ಕಚುಪ ಬಡಿಸಿದಳು. ನೀವು ಎರಡನೇ ಸಲ ಹಾಕಿಸಿಕೊಂಡ ಮೇಲೆಯೇ ಅವಳಿಗೆ ಧೈರ್ಯ ಬಂದದ್ದು. ನಿಜವಾಗಿಯೂ ಒಪ್ಪಿಗೆಯೇ ಎಂದು ನೀವು ಕೇಳಿದಿರಿ.

"ಪಾಠ ಹೇಳೋರಿಗೆ ಎದುರಾಡೋದುಂಟಾ ಟೀಚರ್?" ಎಂದಳು ಅಮ್ಮ.

"ನಾನೂ ಪಾಠ ಹೇಳೋಳೇ ಅಲ್ವಾ? ನಾನೇ ಹೇಳ್ತಿದೀನಿ, ಎದುರಾಡಿ."

ಮರುವಾರ ಮೂವರೂ ಹೆಡ್‌ಮಾಸ್ಟರ ಹತ್ತಿರ ಹೋದೆವು. ನನ್ನ ಲೆಕ್ಕಗಳನ್ನು ಮೇಜಿನ ಮೇಲೆ ಹರಡಿ ನೀವು ವಾದಕ್ಕೆ ಕೂತಿರಿ. ಪ್ರತಿವರ್ಷವೂ ನಮ್ಮ ಬೀದಿಯ ಯಾವುದಾದರೊಂದು ಮಗುವಿಗಾಗಿ ಹೀಗೆ ಬರುವವರೇ ನೀವು. ಹೆಡ್‌ಮಾಸ್ಟರು ನಕ್ಕು, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆರದೇನೇ ಮುದ್ದು ಮಾಡ್ತೀರಲ್ಲ ಮರೈಕೆ" ಎಂದು ಚುಚ್ಚಿದರು. ಉತ್ತರ ಕೊಟ್ಟದ್ದು ನೀವಲ್ಲ, ಅಮ್ಮ. ಮುರುಕು ಡಚ್ಚಿನಲ್ಲಿ, "ಹೆತ್ತೋಳು ಇಲ್ಲಿದೀನಿ. ನನಗೆ ಒಪ್ಪಿಗೆ ಇಲ್ಲ" ಎಂದಳು. ಆಮೇಲೆಯೇ ಹೆಡ್‌ಮಾಸ್ಟರು ನನ್ನ ಲೆಕ್ಕಗಳನ್ನು ಹತ್ತಿರ ಎಳೆದುಕೊಂಡು ನೋಡಿದ್ದು, ತೀರ್ಮಾನ ಬದಲಿಸಿದ್ದು.

ಆವತ್ತು ತೆರೆದ ಬಾಯಿಯನ್ನು ಅಮ್ಮ ಮತ್ತೆ ಮುಚ್ಚಿಲ್ಲ. ಅಂಗಡಿಯವನು, ಟ್ರಾಮಿನವನು, ಯಾರನ್ನೂ ಬಿಡುವುದಿಲ್ಲ. ಇದಕ್ಕೆ ನೀವೇ ಹೊಣೆ. ಈಗಷ್ಟೇ ಕಟ್ಟಡದ ಮೇಲ್ವಿಚಾರಕ ಬಂದು, ಕಿಟಕಿಯಾಚೆ ಏನೂ ಕಟ್ಟುವಂತಿಲ್ಲ, ಇಳಿಸಿ ಎಂದ. ಹಿಂದಿನ ಅಮ್ಮನಾಗಿದ್ದರೆ ತಲೆಯಾಡಿಸಿ ಇಳಿಸುತ್ತಿದ್ದಳು. ಇವಳು, "ನಮ್ಮ ಟೀಚರ್ ಬಂದು ನೋಡೋವರೆಗೂ ಇಳಿಸಲ್ಲ" ಎಂದುಬಿಟ್ಟಳು.

ಬೇಗ ಬನ್ನಿ ಟೀಚರ್. ಊಟದ ಹೊತ್ತಿಗೇ ಬನ್ನಿ, ಹೇಳದೆ ಕೇಳದೆ. ನಿಮ್ಮ ಋಣ ದೊಡ್ಡದು, ಅದನ್ನು ತೀರಿಸಿ ಕೈತೊಳೆದುಕೊಳ್ಳುವ ಆಸೆ ನನಗಿಲ್ಲ. ನಿಮ್ಮ ದನಿ ಹೀಗೇ ಗಟ್ಟಿಯಾಗಿರಲಿ. ಮುಂದಿನ ವರ್ಷದ ಮಗುವಿಗೂ ಅದು ಬೇಕು.

ನೀವು ಹೆರದೆ ಮುದ್ದು ಮಾಡಿದ ಹೆಗ್ಗಣ,
ಇವಾಂದ್ರ